ಮ್ಯೂಆನ್ ತೋರಿಸಿದ ‘ಐದನೆಯ ಬಲ’ ಎಲ್ಲಿ ಹೋಯಿತು?

2021ರ ಏಪ್ರಿಲ್ 7ರಂದು ಅಮೆರಿಕದ ಶಿಕಾಗೊ ಬಳಿಯ ಫರ್ಮಿಲ್ಯಾಬ್ ಪ್ರಯೋಗಾಲಯ ಒಂದು ಸಂಖ್ಯೆಯನ್ನು ಪ್ರಕಟಿಸಿತು. ಮ್ಯೂಆನ್ ಎಂಬ ಕಣದ ಕಾಂತಗುಣವನ್ನು ಅಳೆದು ಪಡೆದ ಆ ಸಂಖ್ಯೆ, ಸಿದ್ಧಾಂತ ಹೇಳುತ್ತಿದ್ದ ಸಂಖ್ಯೆಗೆ ಹೊಂದುತ್ತಿರಲಿಲ್ಲ. ಅಳತೆಯೂ ಲೆಕ್ಕವೂ ಸರಿಯಿದ್ದು, ಕೇವಲ ಆಕಸ್ಮಿಕವಾಗಿ ಅಷ್ಟು ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆ ನಲವತ್ತು ಸಾವಿರಕ್ಕೆ ಒಂದು. ಸುದ್ದಿಮಾಧ್ಯಮಗಳಲ್ಲಿ ‘ನಿಸರ್ಗದ ಐದನೆಯ ಬಲ’ ಎಂಬ ತಲೆಬರಹ ರಾರಾಜಿಸಿತು.

ನಾಲ್ಕು ವರ್ಷಗಳ ಬಳಿಕ, 2025ರ ಜೂನ್ 3ರಂದು, ಅದೇ ಪ್ರಯೋಗದ ಅಂತಿಮ ಫಲಿತಾಂಶ ಹೊರಬಂತು. ನಿಖರತೆ ಮೊದಲಿನದಕ್ಕಿಂತ ಮೂರೂವರೆ ಪಟ್ಟು ಹೆಚ್ಚಿತ್ತು. ಸಂಖ್ಯೆ ಹೆಚ್ಚುಕಡಿಮೆ ಅದೇ. ಆದರೂ ಆ ಹೊತ್ತಿಗೆ ಐದನೆಯ ಬಲದ ಮಾತೆತ್ತುವವರು ವಿರಳವಾಗಿದ್ದರು. ಅಳತೆ ತನ್ನ ಜಾಗದಿಂದ ಕದಲಿರಲಿಲ್ಲ, ಅದನ್ನು ಯಾವುದರೊಂದಿಗೆ ಹೋಲಿಸುತ್ತಿದ್ದರೋ ಆ ಸಿದ್ಧಾಂತದ ಸಂಖ್ಯೆಯೇ ಎದ್ದು ಬಂದು ಅಳತೆಯ ಪಕ್ಕದಲ್ಲಿ ಕುಳಿತಿತ್ತು. ಇದು ಹೇಗಾಯಿತು ಎಂಬ ವಿಷಯ ಐದನೆಯ ಬಲದ ಸುದ್ದಿಗಿಂತ ಹೆಚ್ಚು ರೋಚಕವೆಂದು ನನಗೆ ಅನಿಸುತ್ತದೆ. ಕಾಣದ ಹೊಸ ಬಲವೊಂದನ್ನು ಹುಡುಕಲು ಹೋದವರು ಎಡವಿದ್ದು, ಐವತ್ತು ವರ್ಷಗಳಿಂದ ನಿಯಮ ಗೊತ್ತಿರುವ ಹಳೆಯ ಬಲವೊಂದರ ಮೇಲೆ.

ನಾಲ್ಕು ಬಲಗಳ ಪರಿಚಯ ಶಾಲೆಯ ಪುಸ್ತಕದಲ್ಲಿಯೇ ಆಗಿರುತ್ತದೆ. ಗುರುತ್ವ ಗ್ರಹಗಳನ್ನು ಕಕ್ಷೆಯಲ್ಲಿ ಹಿಡಿದಿಡುತ್ತದೆ, ಆದರೆ ಕಣಗಳ ಮಟ್ಟದಲ್ಲಿ ಅದರ ಪ್ರಭಾವ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ವಿದ್ಯುತ್ಕಾಂತೀಯ ಬಲ ಎಲೆಕ್ಟ್ರಾನನ್ನು ಪರಮಾಣುವಿನ ಬೀಜಕ್ಕೆ ಕಟ್ಟಿಹಾಕುತ್ತದೆ; ರಸಾಯನ ವಿಜ್ಞಾನವೆಲ್ಲ ಅದರದೇ ಕೆಲಸ. ದುರ್ಬಲ ಬಲ ಕೆಲವು ಬಗೆಯ ವಿಕಿರಣಕ್ಕೆ ಕಾರಣ. ಪ್ರಬಲ ಬಲ ಕ್ವಾರ್ಕ್‌ಗಳನ್ನು ಪ್ರೋಟಾನ್, ನ್ಯೂಟ್ರಾನ್‌ಗಳೊಳಗೆ ಕೂಡಿಹಾಕುತ್ತದೆ. ಗುರುತ್ವವನ್ನು ಹೊರಗಿಟ್ಟು ಉಳಿದ ಮೂರನ್ನೂ ಒಂದೇ ಗಣಿತದ ಚೌಕಟ್ಟಿನಲ್ಲಿ ವಿವರಿಸುವುದು ‘ಸ್ಟ್ಯಾಂಡರ್ಡ್ ಮಾಡೆಲ್’. ಮ್ಯೂಆನ್ ಪ್ರಯೋಗ ಪರೀಕ್ಷೆಗೆ ಒಡ್ಡಿದ್ದು ಈ ಚೌಕಟ್ಟನ್ನು.

ಎರಡು ಮತ್ತು ಎರಡಕ್ಕಿಂತ ತುಸು ಹೆಚ್ಚು

ಎಲೆಕ್ಟ್ರಾನ್‌ಗೆ ವಿದ್ಯುದಾವೇಶ ಇರುವಂತೆಯೇ ಸ್ಪಿನ್ ಎಂಬ ಗುಣವೂ ಇದೆ. ಈ ಎರಡೂ ಇರುವುದರಿಂದ ಅದು ಒಂದು ಅತಿಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಆ ಅಯಸ್ಕಾಂತ ಎಷ್ಟು ಶಕ್ತ ಎಂಬುದನ್ನು ‘ಜಿ’ ಎಂಬ ಒಂದು ಸಂಖ್ಯೆ ಹೇಳುತ್ತದೆ. 1928ರಲ್ಲಿ ಪಾಲ್ ಡಿರಾಕ್ ಕ್ವಾಂಟಂ ಸಿದ್ಧಾಂತವನ್ನೂ ಸಾಪೇಕ್ಷತೆಯನ್ನೂ ಒಂದೇ ಸಮೀಕರಣದಲ್ಲಿ ಬೆಸೆದಾಗ, ಜಿ ಸರಿಯಾಗಿ 2 ಇರಬೇಕೆಂಬುದು ಅದರಿಂದ ತಾನಾಗಿಯೇ ಹೊರಬಿತ್ತು. ಪರಮಾಣುಗಳನ್ನು ಕಾಂತಕ್ಷೇತ್ರದಲ್ಲಿಟ್ಟಾಗ ಅವುಗಳ ಬೆಳಕಿನ ಗೆರೆಗಳು ಸೀಳುವ ಪರಿಗೆ ಆ 2 ಬೇಕಾಗಿಯೇ ಇತ್ತು. ಸುಮಾರು ಇಪ್ಪತ್ತು ವರ್ಷ ಯಾರೂ ಅದನ್ನು ಅನುಮಾನಿಸಲಿಲ್ಲ.

1947ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಲಿಕಾರ್ಪ್ ಕುಶ್ ಮತ್ತು ಹೆನ್ರಿ ಫೋಲಿ ಪರಮಾಣುಗಳ ಶಕ್ತಿಮಟ್ಟಗಳನ್ನು ಸೂಕ್ಷ್ಮವಾಗಿ ಅಳೆದಾಗ ಜಿ ಎರಡಕ್ಕಿಂತ ಸಾವಿರಕ್ಕೆ ಒಂದು ಪಾಲಿನಷ್ಟು ಹೆಚ್ಚಿರುವುದು ಕಂಡಿತು. ಕೆಲವೇ ತಿಂಗಳಲ್ಲಿ ಜೂಲಿಯನ್ ಶ್ವಿಂಗರ್ ಅದಕ್ಕೆ ಕಾರಣ ಕೊಟ್ಟರು. ಎಲೆಕ್ಟ್ರಾನ್ ಎಂದರೆ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತ ಚುಕ್ಕೆಯಲ್ಲ, ಸುತ್ತಲಿನ ವಿದ್ಯುತ್ಕಾಂತೀಯ ಕ್ಷೇತ್ರದೊಂದಿಗೆ ಅದು ಸದಾ ವ್ಯವಹರಿಸುತ್ತಿರುತ್ತದೆ. ಈ ವ್ಯವಹಾರವನ್ನು ಲೆಕ್ಕಹಾಕುವ ಅನುಕೂಲಕರ ಬಗೆಯೆಂದರೆ, ಎಲೆಕ್ಟ್ರಾನ್ ಒಂದು ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ಉಗುಳಿ ಮತ್ತೆ ನುಂಗುತ್ತದೆ ಎಂದು ಭಾವಿಸುವುದು. ಆ ಒಂದು ಕ್ರಿಯೆಯಿಂದ ಜಿ, ಎರಡರ 0.00116 ಪಾಲಿನಷ್ಟು ಹೆಚ್ಚುತ್ತದೆ. ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಶ್ವಿಂಗರ್ ಸಮಾಧಿಯ ಕಲ್ಲಿನ ಮೇಲೆ ಈ ಸಂಖ್ಯೆಯ ಸೂತ್ರವನ್ನೇ ಕೆತ್ತಿದ್ದಾರೆ.

ಹೀಗೆ ಉಗುಳಿ ನುಂಗುವ ಕಣಗಳನ್ನು ‘ವರ್ಚುಯಲ್’ ಕಣಗಳು ಎನ್ನುತ್ತಾರೆ. ನಿರ್ವಾತದಲ್ಲಿ ಕಣಗಳು ಕುದಿಯುತ್ತಿವೆ, ಹುಟ್ಟಿ ಸಾಯುತ್ತಿವೆ ಎಂಬ ವರ್ಣನೆ ಜನಪ್ರಿಯ ಬರಹಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನನಗೆ ಆ ಚಿತ್ರದ ಮೇಲೆ ಅಷ್ಟು ಮೋಹವಿಲ್ಲ. ವರ್ಚುಯಲ್ ಕಣವನ್ನು ಯಾವ ಉಪಕರಣವೂ ಹಿಡಿದಿಲ್ಲ. ಅದು ಉದ್ದನೆಯ ಲೆಕ್ಕವೊಂದರ ಪದಗಳಿಗೆ ಕೊಟ್ಟ ಹೆಸರು. ಆದರೆ ಆ ಪದಗಳನ್ನೆಲ್ಲ ಕೂಡಿದಾಗ ಬರುವ ಮೊತ್ತವನ್ನು ಮಾತ್ರ ಅಳೆಯಬಹುದು. ಎಲೆಕ್ಟ್ರಾನ್‌ನ ಜಿಯನ್ನು 2023ರ ವೇಳೆಗೆ ಲಕ್ಷ ಕೋಟಿಗೆ 0.13 ಪಾಲಿನಷ್ಟು ನಿಖರವಾಗಿ ಅಳೆದಿದ್ದಾರೆ. ಒಂದೇ ಕಣದ ಒಂದು ಗುಣವನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಹಾಗಿದ್ದರೆ ಎಲೆಕ್ಟ್ರಾನ್ ಬಿಟ್ಟು ಮ್ಯೂಆನ್ ಹಿಂದೆ ಬೀಳಬೇಕಾದ ಪ್ರಮೇಯವೇನು? ಉತ್ತರ ತೂಕದಲ್ಲಿದೆ. 1936ರಲ್ಲಿ ಕಾರ್ಲ್ ಆಂಡರ್ಸನ್ ಮತ್ತು ಸೆತ್ ನೆಡ್ಡರ್‌ಮೇಯರ್ ಕಾಸ್ಮಿಕ್ ಕಿರಣಗಳಲ್ಲಿ ಗುರುತಿಸಿದ ಮ್ಯೂಆನ್ ಎಲ್ಲ ರೀತಿಯಲ್ಲೂ ಎಲೆಕ್ಟ್ರಾನ್‌ನ ಅಣ್ಣ. ಅದೇ ಆವೇಶ, ಅದೇ ಸ್ಪಿನ್, ದ್ರವ್ಯರಾಶಿ ಮಾತ್ರ 207 ಪಟ್ಟು. ನಮಗೆ ಗೊತ್ತಿಲ್ಲದ ಭಾರವಾದ ಕಣವೊಂದು ಇದ್ದರೆ ಅದು ಜಿಯ ಮೇಲೆ ಬೀರುವ ಪ್ರಭಾವ ಸಾಮಾನ್ಯವಾಗಿ ದ್ರವ್ಯರಾಶಿಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 207ರ ವರ್ಗ ಎಂದರೆ ಸುಮಾರು 43,000. ಎಲೆಕ್ಟ್ರಾನ್‌ನಲ್ಲಿ ಕಾಣಲಾಗದಷ್ಟು ಸಣ್ಣ ಪರಿಣಾಮ ಮ್ಯೂಆನ್‌ನಲ್ಲಿ ಅಷ್ಟು ಪಟ್ಟು ಹಿಗ್ಗುತ್ತದೆ. ಟೌ ಎಂಬ ಇನ್ನೂ ಭಾರದ ಸೋದರ ಕಣವೂ ಇದೆ, ಆದರೆ ಅದು ಹುಟ್ಟಿದ ಕ್ಷಣವೇ ಅಳಿಯುವುದರಿಂದ ಇಂಥ ಅಳತೆಗೆ ಒದಗುವುದಿಲ್ಲ. ಮ್ಯೂಆನ್‌ನ ಆಯುಷ್ಯ 2.2 ಮೈಕ್ರೊಸೆಕೆಂಡ್. ಕೇಳಲು ಕಡಿಮೆಯೆನಿಸಿದರೂ ಕಣಭೌತವಿಜ್ಞಾನಿಗಳ ಪಾಲಿಗೆ ಅದು ಧಾರಾಳ ಸಮಯ.

ಉಂಗುರದೊಳಗೆ

ಪ್ರಯೋಗದ ಉಪಾಯ ಬಹಳ ಚೆಂದ. ಪ್ರೋಟಾನ್‌ಗಳನ್ನು ಲೋಹದ ಗುರಿಯೊಂದಕ್ಕೆ ಬಡಿದರೆ ಪಯಾನ್ ಎಂಬ ಕಣಗಳು ಹೊರಬರುತ್ತವೆ. ಪಯಾನ್ ಒಡೆದು ಮ್ಯೂಆನ್ ಆಗುತ್ತದೆ. ಹೀಗೆ ಹುಟ್ಟಿದ ಮ್ಯೂಆನ್‌ಗಳನ್ನು ಆಯ್ದುಕೊಂಡಾಗ ಅವುಗಳ ಸ್ಪಿನ್‌ಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಅವನ್ನು ಸುಮಾರು 14 ಮೀಟರ್ ಅಡ್ಡಳತೆಯ ಉಂಗುರಾಕಾರದ ಅಯಸ್ಕಾಂತದೊಳಗೆ ಬಿಡುತ್ತಾರೆ. 1.45 ಟೆಸ್ಲಾ ಕಾಂತಕ್ಷೇತ್ರ ಅವನ್ನು ವೃತ್ತದಲ್ಲಿ ಓಡಿಸುತ್ತದೆ. ಒಂದು ಸುತ್ತಿಗೆ 149 ನ್ಯಾನೊಸೆಕೆಂಡ್. ಅದೇ ಕಾಂತಕ್ಷೇತ್ರ ಸ್ಪಿನ್‌ನ ದಿಕ್ಕನ್ನೂ ಓಲಾಡುವ ಬುಗುರಿಯಂತೆ ತಿರುಗಿಸುತ್ತದೆ.

ಜಿ ಸರಿಯಾಗಿ 2 ಇದ್ದಿದ್ದರೆ ಈ ಎರಡು ತಿರುಗುವಿಕೆಗಳೂ ಒಂದೇ ವೇಗದಲ್ಲಿ ನಡೆಯುತ್ತಿದ್ದವು, ಮ್ಯೂಆನ್ ಎತ್ತ ಓಡುತ್ತದೋ ಸ್ಪಿನ್ ಕೂಡ ಅತ್ತಲೇ ನೋಡುತ್ತಿತ್ತು. ಜಿ ತುಸು ಹೆಚ್ಚಿರುವುದರಿಂದ ಸ್ಪಿನ್ ಮುಂದೋಡುತ್ತದೆ. ಮ್ಯೂಆನ್ ಸುಮಾರು 29 ಸುತ್ತು ಮುಗಿಸುವಷ್ಟರಲ್ಲಿ ಸ್ಪಿನ್ ಒಂದು ಪೂರ್ತಿ ಸುತ್ತು ಹೆಚ್ಚು ತಿರುಗಿರುತ್ತದೆ. ಅಂದರೆ ಪ್ರಯೋಗ ಅಳೆಯುವುದು ಜಿಯನ್ನಲ್ಲ, ಜಿಯಲ್ಲಿ ಎರಡನ್ನು ಮೀರಿದ ಭಾಗವನ್ನು ಮಾತ್ರ. ಮೊದಲ 2 ತಾನಾಗಿಯೇ ಕಳೆದುಹೋಗುತ್ತದೆ. ಪ್ರಯೋಗಕ್ಕೆ ‘ಜಿ ಮೈನಸ್ 2’ ಎಂಬ ಹೆಸರು ಬಂದದ್ದು ಹೀಗೆ.

ಸ್ಪಿನ್ ಎತ್ತ ನೋಡುತ್ತಿದೆ ಎಂದು ತಿಳಿಯುವುದು ಹೇಗೆ? ಇಲ್ಲಿ ದುರ್ಬಲ ಬಲ ನೆರವಿಗೆ ಬರುತ್ತದೆ. ಇಲ್ಲಿ ಬಳಸುವ ಧನ ಆವೇಶದ ಮ್ಯೂಆನ್ ಒಡೆದು ಪಾಸಿಟ್ರಾನ್ (ಎಲೆಕ್ಟ್ರಾನ್‌ನ ಧನ ಆವೇಶದ ಪ್ರತಿಕಣ) ಹೊರಚಿಮ್ಮುವುದು ದುರ್ಬಲ ಬಲದ ಕ್ರಿಯೆ, ಮತ್ತು ಈ ಬಲ ಎಡಬಲಗಳ ನಡುವೆ ಪಕ್ಷಪಾತ ಮಾಡುತ್ತದೆ. ಹೆಚ್ಚು ಶಕ್ತಿಯ ಪಾಸಿಟ್ರಾನ್‌ಗಳು ಬಹುಪಾಲು ಸ್ಪಿನ್ ನೋಡುತ್ತಿದ್ದ ದಿಕ್ಕಿನಲ್ಲೇ ಹೊರಬರುತ್ತವೆ. ಉಂಗುರದ ಒಳಬದಿಯಲ್ಲಿ ಕೂರಿಸಿದ 24 ಪತ್ತೆಯಂತ್ರಗಳು ಅವನ್ನು ಎಣಿಸುತ್ತವೆ. ಎಣಿಕೆ ಸೆಕೆಂಡಿಗೆ ಸುಮಾರು 2,29,000 ಬಾರಿಯ ಲಯದಲ್ಲಿ ಏರಿಳಿಯುತ್ತದೆ. ಆ ಲಯವನ್ನೂ ಕಾಂತಕ್ಷೇತ್ರವನ್ನೂ ಅಳೆದರೆ ಬೇಕಾದ ಸಂಖ್ಯೆ ಕೈಗೆ ಬರುತ್ತದೆ. ಮ್ಯೂಆನ್‌ಗಳು ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಓಡುವುದರಿಂದ ಸಾಪೇಕ್ಷತೆಯ ನಿಯಮದಂತೆ ಅವುಗಳ ಆಯುಷ್ಯವೂ ಸುಮಾರು 64 ಮೈಕ್ರೊಸೆಕೆಂಡಿಗೆ ಹಿಗ್ಗುತ್ತದೆ, ಎಣಿಸಲು ಬಿಡುವು ಸಿಗುತ್ತದೆ.

ಹೇಳಿದಷ್ಟು ಸುಲಭವಲ್ಲ, ನಿಜ. ಕಾಂತಕ್ಷೇತ್ರ ಉಂಗುರದ ಉದ್ದಕ್ಕೂ ಒಂದೇ ಸಮನಾಗಿರಬೇಕು. ಅದಕ್ಕಾಗಿ ತೆಳ್ಳನೆಯ ಕಬ್ಬಿಣದ ಹಾಳೆಯ ಸಾವಿರಾರು ತುಂಡುಗಳನ್ನು ಕತ್ತರಿಸಿ, ಎಲ್ಲಿ ಕ್ಷೇತ್ರ ಕಡಿಮೆಯಿದೆಯೋ ಅಲ್ಲಲ್ಲಿ ಅಂಟಿಸಿದರು. ಹದಿನೇಳು ಸಂವೇದಕಗಳನ್ನು ಹೊತ್ತ ಪುಟ್ಟ ಟ್ರಾಲಿಯೊಂದು, ಮ್ಯೂಆನ್‌ಗಳು ಓಡುವ ನಿರ್ವಾತದ ದಾರಿಯಲ್ಲೇ ಕೆಲವು ದಿನಗಳಿಗೊಮ್ಮೆ ಸುತ್ತುಹೊಡೆದು ಕ್ಷೇತ್ರದ ನಕ್ಷೆ ತಯಾರಿಸುತ್ತಿತ್ತು. ಅದು ಓಡದ ವೇಳೆಯಲ್ಲಿ ಕೊಳವೆಯ ಗೋಡೆಗಳಲ್ಲಿ ಕಾಯಂ ಆಗಿ ಕೂತ 378 ಸಂವೇದಕಗಳು ಕಾವಲು ಕಾಯುತ್ತಿದ್ದವು.

ಇಷ್ಟೆಲ್ಲ ಮಾಡಿದವರು ತಮ್ಮನ್ನೇ ತಾವು ನಂಬಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಬೇಕಾದ ಉತ್ತರ ಬರುವವರೆಗೆ ದೋಷ ಹುಡುಕಿ, ಬಂದ ಕೂಡಲೇ ಹುಡುಕಾಟ ನಿಲ್ಲಿಸುವುದು ಮನುಷ್ಯಸಹಜ ದೌರ್ಬಲ್ಯ. ಅದಕ್ಕೆ ಅವಕಾಶವಾಗದಂತೆ ಪ್ರಯೋಗದ ಮುಖ್ಯ ಗಡಿಯಾರದ ವೇಗವನ್ನು ಬೇಕೆಂದೇ ತುಸು ಬದಲಿಸಿಡಲಾಗಿತ್ತು. ಎಷ್ಟು ಬದಲಿಸಿದ್ದಾರೆಂಬುದು ತಂಡದ ಹೊರಗಿನ ಇಬ್ಬರಿಗೆ ಮಾತ್ರ ಗೊತ್ತು. ವಿಶ್ಲೇಷಣೆಯೆಲ್ಲ ಮುಗಿದ ಮೇಲೆ, 2021ರ ಫೆಬ್ರವರಿಯಲ್ಲಿ, ಕೋವಿಡ್ ಕಾಲವಾದ್ದರಿಂದ ವಿಡಿಯೊ ಸಭೆಯಲ್ಲಿ, ಲಕೋಟೆ ಒಡೆದು ಆ ಗುಟ್ಟಿನ ಸಂಖ್ಯೆಯನ್ನು ಓದಿದರು. ಉತ್ತರವೇನೆಂದು ತಂಡಕ್ಕೆ ತಿಳಿದದ್ದು ಆಗಲೇ.

ಈ ಉಂಗುರಕ್ಕೂ ಒಂದು ಪೂರ್ವಾಶ್ರಮವಿದೆ. 1997ರಿಂದ 2001ರವರೆಗೆ ಅದು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಇದೇ ಅಳತೆಗೆ ದುಡಿದಿತ್ತು. ಅಳತೆ ಮತ್ತು ಸಿದ್ಧಾಂತದ ನಡುವಣ ಬಿರುಕು ಸ್ಪಷ್ಟವಾಗಿ ಕಂಡದ್ದು ಅಲ್ಲಿಯೇ, ಆದರೆ ಖಚಿತವಾಗಿ ಹೇಳಲು ನಿಖರತೆ ಸಾಲದಾಯಿತು. ಹೊಸದನ್ನು ಕಟ್ಟುವುದಕ್ಕಿಂತ ಹಳೆಯದನ್ನು ಸಾಗಿಸುವುದೇ ಅಗ್ಗವೆಂದು ಲೆಕ್ಕಹಾಕಿ, ಬಿಡಿಭಾಗ ಮಾಡಲಾಗದ ಆ ಸುರುಳಿಗಳನ್ನು 2013ರ ಬೇಸಿಗೆಯಲ್ಲಿ ದೋಣಿಯ ಮೇಲಿಟ್ಟು ಅಟ್ಲಾಂಟಿಕ್ ಕರಾವಳಿಗುಂಟ ಫ್ಲಾರಿಡಾ ಬಳಸಿ, ನದಿಗಳಲ್ಲಿ ಮೇಲೇರಿ, ಸುಮಾರು 5,000 ಕಿಲೋಮೀಟರ್ ಸಾಗಿಸಿ ಶಿಕಾಗೊ ಬಳಿಗೆ ತಂದರು. ಸುರುಳಿ ಕೆಲವು ಮಿಲಿಮೀಟರ್ ತಿರುಚಿದ್ದರೂ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಲೆಕ್ಕದ ಕಡೆ

ಈಗ ಸಿದ್ಧಾಂತದ ಕಡೆಗೆ. ದಶಮಾಂಶದ ಸೊನ್ನೆಗಳಲ್ಲಿ ದಾರಿ ತಪ್ಪದಿರಲು, ಹತ್ತು ಸಾವಿರ ಕೋಟಿಗೆ ಒಂದು ಪಾಲನ್ನು ‘ಒಂದು ಅಂಶ’ ಎಂದು ಇಟ್ಟುಕೊಳ್ಳೋಣ. ಜಿ ಎರಡನ್ನು ಮೀರಿದ ಭಾಗವನ್ನು ಎರಡರಿಂದ ಭಾಗಿಸಿದರೆ ಸಿಗುವುದೇ ಇಲ್ಲಿ ಹೋಲಿಸುವ ಸಂಖ್ಯೆ. ಪ್ರಯೋಗಗಳ ಇಂದಿನ ಸರಾಸರಿ ಈ ಲೆಕ್ಕದಲ್ಲಿ 11,65,92,072 ಅಂಶ. ಸುಮಾರು 15 ಅಂಶ ಆಚೀಚೆ. 2021ರಲ್ಲಿ ಅದು 11,65,92,061 ಇತ್ತು. ಅದರ ಎದುರಿಗೆ ಇಟ್ಟ ಸಿದ್ಧಾಂತದ ಮೊತ್ತ 11,65,91,810, ಆಚೀಚೆ 43. ಗದ್ದಲವೆಲ್ಲ ಈ 251 ಅಂಶಗಳದು.

ಮೊತ್ತವನ್ನು ಬಿಡಿಸಿ ನೋಡಿದರೆ ಯಾರ ಪಾಲು ಎಷ್ಟು ಎಂಬುದು ಕಾಣುತ್ತದೆ. ವಿದ್ಯುತ್ಕಾಂತೀಯ ಬಲದ್ದು 11,65,84,719. ಶ್ವಿಂಗರ್ ಒಂದು ಪದದಿಂದ ಆರಂಭಿಸಿದ ಈ ಲೆಕ್ಕವನ್ನು ತೊಯಿಚಿರೊ ಕಿನೋಶಿತಾ ಮತ್ತು ಸಂಗಡಿಗರು ದಶಕಗಳ ಕಾಲ ಬೆಳೆಸಿದರು. ಐದನೆಯ ಹಂತವೊಂದಕ್ಕೇ 12,672 ಚಿತ್ರಗಳನ್ನು (ಕಣಗಳು ಉಗುಳಿ ನುಂಗುವ ಒಂದೊಂದು ಬಗೆಗೆ ಒಂದೊಂದು ಚಿತ್ರ) ಲೆಕ್ಕ ಹಾಕಬೇಕಾಯಿತು. ಅದರ ಅನಿಶ್ಚಿತತೆ ಒಂದು ಅಂಶಕ್ಕಿಂತಲೂ ಕಡಿಮೆ. ದುರ್ಬಲ ಬಲದ ಪಾಲು ಸುಮಾರು 154, ಅದೂ ಗಟ್ಟಿ. ಉಳಿದ ಏಳು ಸಾವಿರದ ಆಸುಪಾಸಿನ ಅಂಶಗಳು ಪ್ರಬಲ ಬಲದವು. ಒಟ್ಟು ಮೊತ್ತಕ್ಕೆ ಹೋಲಿಸಿದರೆ ಇದು ಲಕ್ಷಕ್ಕೆ ಆರು ಪಾಲು ಮಾತ್ರ, ಆದರೆ ಸಿದ್ಧಾಂತದ ಅನಿಶ್ಚಿತತೆ ಹೆಚ್ಚುಕಡಿಮೆ ಪೂರ್ತಿಯಾಗಿ ಇಲ್ಲೇ ಬೀಡುಬಿಟ್ಟಿದೆ.

ಫೋಟಾನ್ ಕ್ಷಣಮಾತ್ರ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗಿ ಮತ್ತೆ ಫೋಟಾನ್ ಆಗುವುದನ್ನು ಲೆಕ್ಕಹಾಕಬಹುದು. ಅದೇ ಫೋಟಾನ್ ಕ್ವಾರ್ಕ್ ಜೋಡಿಯಾದರೆ ಎಲ್ಲವೂ ಕಗ್ಗಂಟಾಗುತ್ತದೆ. ಫೋಟಾನ್‌ಗೆ ಆವೇಶವಿಲ್ಲ, ಆದ್ದರಿಂದ ಒಂದು ಫೋಟಾನ್ ಇನ್ನೊಂದನ್ನು ನೇರವಾಗಿ ಎಳೆಯುವುದಿಲ್ಲ. ಪ್ರಬಲ ಬಲವನ್ನು ಸಾಗಿಸುವ ಗ್ಲುವಾನ್‌ಗಳು ಹಾಗಲ್ಲ, ಅವಕ್ಕೇ ಆ ಬಲದ ಆವೇಶವಿದೆ. ಕ್ವಾರ್ಕನ್ನು ಹಿಡಿದೆಳೆಯುವ ಜೊತೆಗೆ ಅವು ತಮ್ಮತಮ್ಮಲ್ಲೂ ಜಗ್ಗಾಡುತ್ತವೆ. ಕ್ವಾರ್ಕ್‌ಗಳು ತೀರ ಹತ್ತಿರ ಬಂದಾಗ ಈ ಬಲ ಸಡಿಲಗೊಳ್ಳುತ್ತದೆ ಎಂದು 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಜರ್ ತೋರಿಸಿದರು. 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಆದರೆ ಪ್ರೋಟಾನ್ ಗಾತ್ರದ ದೂರಕ್ಕೆ ಬಂದರೆ ಬಲ ಎಷ್ಟು ಹೆಚ್ಚುತ್ತದೆಂದರೆ, ಒಂದರ ಹಿಂದೆ ಒಂದು ಸಣ್ಣದಾಗುತ್ತ ಹೋಗುವ ಪದಗಳನ್ನು ಕೂಡುವ ಶ್ವಿಂಗರ್ ಶೈಲಿಯ ಲೆಕ್ಕ ನಡೆಯುವುದೇ ಇಲ್ಲ. ಮುಂದಿನ ಪದ ಹಿಂದಿನದರಷ್ಟೇ ದೊಡ್ಡದಿರುತ್ತದೆ. ಪ್ರೋಟಾನ್‌ನೊಳಗಿನ ಮೂರು ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿ ಕೂಡಿದರೆ ಪ್ರೋಟಾನ್ ತೂಕದ ಶೇ 1ರ ಆಸುಪಾಸು ಮಾತ್ರ, ಮಿಕ್ಕದ್ದೆಲ್ಲ ಈ ಜಗ್ಗಾಟದ ಶಕ್ತಿ. ಇಂಥ ಬಲದಿಂದ ಕರಾರುವಾಕ್ಕಾದ ಸಂಖ್ಯೆಯನ್ನು ಹಿಂಡಿ ತೆಗೆಯಬೇಕಿತ್ತು.

ಭೌತವಿಜ್ಞಾನಿಗಳು ಒಂದು ಅಡ್ಡದಾರಿ ಹಿಡಿದರು. ಅಡ್ಡದಾರಿ ಎಂದದ್ದು ಹೀಗಳೆಯಲು ಅಲ್ಲ. ಗಣಿತ ಪೂರ್ತಿ ಶುದ್ಧವಾದದ್ದು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯಾಗಿ ನಾಶವಾದಾಗ ಹುಟ್ಟುವ ಫೋಟಾನ್ ಹಲವು ಸಲ ಪಯಾನ್ ಮುಂತಾದ ಕಣಗಳಾಗಿ ಹೊರಬರುತ್ತದೆ. ಯಾವ ಶಕ್ತಿಯಲ್ಲಿ ಎಷ್ಟು ಪಯಾನ್‌ಗಳು ಬರುತ್ತವೆ ಎಂದು ಎಣಿಸಿದರೆ, ಮ್ಯೂಆನ್‌ನ ಲೆಕ್ಕದಲ್ಲಿ ಫೋಟಾನ್ ಕ್ವಾರ್ಕ್‌ಗಳಾಗುವ ಪಾಲು ಎಷ್ಟೆಂಬುದನ್ನು ಒಂದು ಸೂತ್ರದ ಮೂಲಕ ಪಡೆಯಬಹುದು. ರಷ್ಯಾದ ನೊವೊಸಿಬಿರ್ಸ್ಕ್, ಇಟಲಿಯ ಫ್ರಾಸ್ಕಾಟಿ, ಅಮೆರಿಕದ ಸ್ಟ್ಯಾನ್‌ಫರ್ಡ್, ಚೀನಾದ ಬೀಜಿಂಗ್‌ಗಳಲ್ಲಿ ದಶಕಗಳ ಕಾಲ ಈ ಎಣಿಕೆ ನಡೆದಿದೆ. 2020ರಲ್ಲಿ ನೂರಕ್ಕೂ ಹೆಚ್ಚು ಸಿದ್ಧಾಂತಿಗಳು ಸೇರಿ ಪ್ರಕಟಿಸಿದ ಶ್ವೇತಪತ್ರ ಈ ದತ್ತಾಂಶಗಳನ್ನು ಒಟ್ಟುಗೂಡಿಸಿ, ಪ್ರಬಲ ಬಲದ ಮುಖ್ಯ ಪಾಲು 6,931 ಅಂಶ ಎಂದು ಹೇಳಿತು.

ಸುದ್ದಿಯಲ್ಲಿ ಮುಚ್ಚಿಹೋದ ಸಂಗತಿ ಇದೇ. ‘ಪ್ರಯೋಗ ಮತ್ತು ಸಿದ್ಧಾಂತದ ನಡುವೆ ಬಿರುಕು’ ಎಂದು ಎಲ್ಲರೂ ಬರೆದರು. ಆದರೆ ಆ ‘ಸಿದ್ಧಾಂತ’ದ ಹೊಟ್ಟೆಯೊಳಗೆ ಇನ್ನಷ್ಟು ಪ್ರಯೋಗಗಳಿದ್ದವು. ಆ ಪ್ರಯೋಗಗಳು ಪರಸ್ಪರ ಒಪ್ಪುತ್ತಿರಲೂ ಇಲ್ಲ. ಎರಡು ಪಯಾನ್ ಹುಟ್ಟುವ ಕ್ರಿಯೆಯೊಂದೇ ಈ ಪಾಲಿನ ಮುಕ್ಕಾಲು ಭಾಗಕ್ಕೆ ಹತ್ತಿರ. ಅದನ್ನು ಅಳೆದವರ ಪೈಕಿ ಅತ್ಯಂತ ನಿಖರವೆನಿಸಿದ ಎರಡು ತಂಡಗಳು, ಫ್ರಾಸ್ಕಾಟಿಯ ಕ್ಲೋ ಮತ್ತು ಸ್ಟ್ಯಾನ್‌ಫರ್ಡಿನ ಬಾಬಾರ್, ತಂತಮ್ಮ ದೋಷಮಿತಿಯ ಹೊರಗೆ ಭಿನ್ನವಾಗಿದ್ದವು. ಶ್ವೇತಪತ್ರ ಇದನ್ನು ಮರೆಮಾಚಿರಲಿಲ್ಲ. ಅನಿಶ್ಚಿತತೆಯನ್ನು ಹಿಗ್ಗಿಸಿ ಸರಾಸರಿ ಕೊಟ್ಟಿತ್ತು. ನಲವತ್ತು ಸಾವಿರಕ್ಕೆ ಒಂದು ಎಂಬ ಸಾಧ್ಯತೆಯ ಹಿಂದೆ ಈ ಸರಾಸರಿ ಸರಿ ಎಂಬ ಷರತ್ತು ಇತ್ತು. ತಲೆಬರಹದಲ್ಲಿ ಷರತ್ತಿಗೆ ಜಾಗವಿರುವುದಿಲ್ಲ.

ಜಾಲರಿ ಮತ್ತು ಸೈಬೀರಿಯಾ

ಫರ್ಮಿಲ್ಯಾಬ್ ತನ್ನ ಫಲಿತಾಂಶ ಪ್ರಕಟಿಸಿದ ದಿನವೇ ‘ನೇಚರ್’ ಪತ್ರಿಕೆಯಲ್ಲಿ ಬಿಎಮ್‌ಡಬ್ಲ್ಯು ಎಂಬ ತಂಡದ ಪ್ರಬಂಧ ಪ್ರಕಟವಾಯಿತು. ಕಾರಿನ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಬುಡಾಪೆಸ್ಟ್, ಮಾರ್ಸೆಲ್, ವುಪರ್ಟಾಲ್ ನಗರಗಳ ಮೊದಲಕ್ಷರ ಅದು. 1974ರಲ್ಲಿ ಕೆನೆತ್ ವಿಲ್ಸನ್ ತೋರಿಸಿದ ದಾರಿಯಲ್ಲಿ, ಈ ತಂಡ ದೇಶ–ಕಾಲವನ್ನು ಬಿಂದುಗಳ ಜಾಲರಿಯಾಗಿ ಕಲ್ಪಿಸಿ, ಸೂಪರ್ ಕಂಪ್ಯೂಟರುಗಳ ಮೇಲೆ ಪ್ರಬಲ ಬಲದ ಸಮೀಕರಣವನ್ನೇ ನೇರವಾಗಿ ಬಿಡಿಸಿತು. ಪಯಾನ್ ಎಣಿಕೆಯ ಹಂಗು ಬೇಡ. ಬಂದ ಉತ್ತರ 7,075, ಆಚೀಚೆ 55. ಆ ಸಂಖ್ಯೆಯನ್ನು ತೆಗೆದುಕೊಂಡರೆ ಬಿರುಕು ಬಹುಪಾಲು ಮುಚ್ಚಿಹೋಗುತ್ತಿತ್ತು.

ಅಂದು ಇದನ್ನು ನಂಬಿದವರು ಕಡಿಮೆ. ಒಂದೇ ತಂಡದ ಲೆಕ್ಕ, ಜಾಲರಿಯ ಬಿಂದುಗಳ ಅಂತರವನ್ನು ಸೊನ್ನೆಗಿಳಿಸುವಾಗ ದೋಷ ನುಸುಳಬಹುದು ಎಂಬ ಆಕ್ಷೇಪವಿತ್ತು, ಅದು ನ್ಯಾಯವಾದ ಆಕ್ಷೇಪವೇ. ಉಳಿದ ತಂಡಗಳು ಲೆಕ್ಕದಲ್ಲಿ ಅತ್ಯಂತ ಸುರಕ್ಷಿತವಾದ ಮಧ್ಯಭಾಗವನ್ನು ಮಾತ್ರ ಕತ್ತರಿಸಿಕೊಂಡು, ತಮ್ಮತಮ್ಮ ಬೇರೆ ಬೇರೆ ವಿಧಾನಗಳಿಂದ ಬಿಡಿಸಿ ಹೋಲಿಸಿದವು. 2023ರ ವೇಳೆಗೆ ಒಂದಾದ ಮೇಲೊಂದು ತಂಡ ಅಲ್ಲಿ ಬಿಎಮ್‌ಡಬ್ಲ್ಯು ಸಂಖ್ಯೆಯನ್ನೇ ಮುಟ್ಟಿದವು.

ಅದೇ ವರ್ಷದ ಫೆಬ್ರವರಿಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ನೊವೊಸಿಬಿರ್ಸ್ಕ್‌ನ ಸಿಎಮ್‌ಡಿ–3 ಪ್ರಯೋಗ ಎರಡು ಪಯಾನ್ ಎಣಿಕೆಯನ್ನು ಹೊಸದಾಗಿ ಮಾಡಿ, ಹಿಂದಿನವರೆಲ್ಲರಿಗಿಂತ ಹೆಚ್ಚು ಪಯಾನ್‌ಗಳನ್ನು ಕಂಡಿತು. ಅದೇ ಪ್ರಯೋಗಾಲಯದ ಹಿಂದಿನ ಸಿಎಮ್‌ಡಿ–2ಕ್ಕೂ ಅದು ಹೊಂದಲಿಲ್ಲ. ಸಿಎಮ್‌ಡಿ–3 ಎಣಿಕೆಯನ್ನು ಸೂತ್ರಕ್ಕೆ ಹಾಕಿದರೆ ಜಾಲರಿ ಲೆಕ್ಕದ ಹತ್ತಿರದ ಉತ್ತರ ಬರುತ್ತದೆ. ಈ ಹೊತ್ತಿನಲ್ಲೇ, 2023ರ ಆಗಸ್ಟ್‌ನಲ್ಲಿ, ಫರ್ಮಿಲ್ಯಾಬ್ ಎರಡನೆಯ ಫಲಿತಾಂಶ ಕೊಟ್ಟಿತು. 2020ರ ಶ್ವೇತಪತ್ರಕ್ಕೆ ಹೋಲಿಸಿದರೆ ವ್ಯತ್ಯಾಸ ಐದು ಸಿಗ್ಮಾ, ಅಂದರೆ ಅನಿಶ್ಚಿತತೆಯ ಐದು ಪಟ್ಟು, ದಾಟಿತ್ತು. ಕಣಭೌತವಿಜ್ಞಾನದಲ್ಲಿ ‘ಸಂಶೋಧನೆ’ ಎಂದು ಘೋಷಿಸಲು ಬೇಕಾದ ಗೆರೆ ಅದು. ಆದರೂ ಫರ್ಮಿಲ್ಯಾಬ್ ಹಾಗೆ ಘೋಷಿಸಲಿಲ್ಲ. ಐದು ಸಿಗ್ಮಾ ಎಂಬುದು ಹೋಲಿಕೆಯ ಎರಡು ತುದಿಗಳೂ ಗಟ್ಟಿಯಿದ್ದಾಗ ಮಾತ್ರ ಅರ್ಥವುಳ್ಳದ್ದು, ಮತ್ತು ಒಂದು ತುದಿ ಆ ವೇಳೆಗಾಗಲೇ ಅಲುಗಾಡುತ್ತಿತ್ತು.

2025ರ ಮೇ ಕೊನೆಯಲ್ಲಿ ಹೊಸ ಶ್ವೇತಪತ್ರ ಬಂತು. ಎಲೆಕ್ಟ್ರಾನ್–ಪಾಸಿಟ್ರಾನ್ ಎಣಿಕೆಗಳು ಪರಸ್ಪರ ಕಚ್ಚಾಡುತ್ತಿರುವಾಗ ಅವುಗಳ ಸರಾಸರಿಗೆ ಅರ್ಥವಿಲ್ಲವೆಂದು ಸಿದ್ಧಾಂತಿಗಳು ಅವನ್ನು ಬದಿಗಿಟ್ಟು, ಜಾಲರಿ ಲೆಕ್ಕಗಳನ್ನೇ ಆಧಾರವಾಗಿ ತೆಗೆದುಕೊಂಡರು. ಮುಖ್ಯ ಪಾಲು 6,931ರಿಂದ 7,132ಕ್ಕೆ ಏರಿತು. ಒಟ್ಟು ಮೊತ್ತ 11,65,92,033. ಒಂದು ವಾರದ ಬಳಿಕ ಬಂದ ಫರ್ಮಿಲ್ಯಾಬ್‌ನ ಅಂತಿಮ ಅಳತೆಯನ್ನು ಹಳೆಯ ಅಳತೆಗಳೊಂದಿಗೆ ಸೇರಿಸಿದಾಗ ಉಳಿದ ವ್ಯತ್ಯಾಸ 38 ಅಂಶ. ಅನಿಶ್ಚಿತತೆ 63. ಇದನ್ನು ಬಿರುಕು ಎನ್ನಲು ಬರುವುದಿಲ್ಲ.

ಗೆದ್ದವರು ಯಾರು?

‘ಸ್ಟ್ಯಾಂಡರ್ಡ್ ಮಾಡೆಲ್ ಗೆದ್ದಿತು’ ಎಂಬ ಹೊಸ ತಲೆಬರಹವೂ ನನಗೆ ಹಳೆಯದರಷ್ಟೇ ಅವಸರದ್ದೆನಿಸುತ್ತದೆ. ಸಿದ್ಧಾಂತದ ಅನಿಶ್ಚಿತತೆ 2020ರಲ್ಲಿ 43 ಅಂಶವಿದ್ದದ್ದು ಈಗ 62 ಆಗಿದೆ. ಐದು ವರ್ಷದಲ್ಲಿ ಪ್ರಯೋಗ ಹರಿತವಾಯಿತು, ಲೆಕ್ಕ ಮಸುಕಾಯಿತು. ಅಳತೆಗಿಂತ ನಾಲ್ಕು ಪಟ್ಟು ಒರಟಾದ ಲೆಕ್ಕ ಅಳತೆಗೆ ಹೊಂದಿದರೆ ಅದರಿಂದ ತೀರ್ಮಾನವಾಗುವುದು ಕಡಿಮೆ. ಕೆಲವು ಹತ್ತು ಅಂಶಗಳಷ್ಟು ಹೊಸ ಭೌತವಿಜ್ಞಾನ ಆ ಮಸುಕಿನಲ್ಲಿ ಅಡಗಿ ಕೂತಿದ್ದರೂ ಇವತ್ತು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ತಕರಾರು ಇನ್ನೂ ಗಂಭೀರ. ಜಾಲರಿ ಲೆಕ್ಕ ಸರಿಯಿದ್ದರೆ ಕ್ಲೋ, ಬಾಬಾರ್ ಮುಂತಾದ ಪ್ರಯೋಗಗಳು ಪಯಾನ್‌ಗಳನ್ನು ಕಡಿಮೆ ಎಣಿಸಿವೆ ಎಂದಾಯಿತು. ಯಾಕೆ? ಕ್ಲೋ ಮತ್ತು ಬಾಬಾರ್ ಡಿಕ್ಕಿಯ ಶಕ್ತಿಯನ್ನು ಬದಲಿಸುತ್ತ ಹೋಗಲಿಲ್ಲ. ಡಿಕ್ಕಿಗೆ ಮುನ್ನ ಎಲೆಕ್ಟ್ರಾನ್ ಅಥವಾ ಪಾಸಿಟ್ರಾನ್ ತಾನಾಗಿ ಫೋಟಾನ್ ಸೂಸಿ ಶಕ್ತಿ ಕಳೆದುಕೊಳ್ಳುವುದನ್ನೇ ಬಳಸಿಕೊಂಡವು. ಸಿಎಮ್‌ಡಿ–3 ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬದಲಿಸಿ ಎಣಿಸಿತು. ಹೀಗೆ ಸೂಸುವ ಫೋಟಾನ್‌ಗಳಿಗಾಗಿ ಮಾಡುವ ತಿದ್ದುಪಡಿಗಳ ಮೇಲೆ ಕೆಲವರ ಕಣ್ಣಿದೆ, ಆದರೆ ಅದೊಂದೇ ಕಾರಣವಾಗಲಾರದು. ಸಿಎಮ್‌ಡಿ–2 ಕೂಡ ಮೆಟ್ಟಿಲು ವಿಧಾನದ್ದೇ, ಅದೂ ಕಡಿಮೆ ಎಣಿಸಿತ್ತು. ಇಷ್ಟು ಜನ, ಇಷ್ಟು ಯಂತ್ರಗಳು ಒಂದೇ ದಿಕ್ಕಿಗೆ ತಪ್ಪುವುದು ಸುಲಭವಾಗಿ ಅರಗುವ ಮಾತಲ್ಲ.

ಮ್ಯೂಆನ್ ಹೀಗೆ ಸದ್ದು ಮಾಡಿದ್ದು ಇದು ಮೊದಲಲ್ಲ. 2010ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ಜಾಗಕ್ಕೆ ಮ್ಯೂಆನ್ ಕೂರಿಸಿ ಪ್ರೋಟಾನ್ ತ್ರಿಜ್ಯವನ್ನು ಅಳೆದಾಗ, ಎಲ್ಲರೂ ಒಪ್ಪಿದ್ದ 0.88 ಫೆಮ್ಟೊಮೀಟರ್ ಬದಲು 0.84 ಬಂತು. ಮ್ಯೂಆನ್ ಮತ್ತು ಎಲೆಕ್ಟ್ರಾನ್‌ಗಳನ್ನು ಬೇರೆ ಬೇರೆಯಾಗಿ ಕಾಣುವ ಹೊಸ ಬಲದ ಊಹೆ ಆಗಲೂ ಎದ್ದಿತು. 2019ರ ಹೊತ್ತಿಗೆ ಎಲೆಕ್ಟ್ರಾನ್ ಬಳಸಿದ ಹೊಸ ಅಳತೆಗಳೂ ಸಣ್ಣ ತ್ರಿಜ್ಯದ ಕಡೆಗೇ ವಾಲಿದವು. ಅಲ್ಲಿಯೂ ಮ್ಯೂಆನ್ ಹೇಳಿದ್ದು ಸರಿಯಿತ್ತು, ಅದಕ್ಕೆ ಎದುರಾಗಿಟ್ಟ ಹಳೆಯ ಸಂಖ್ಯೆ ಮಾತ್ರ ಸಡಿಲವಾಗಿತ್ತು.

ಫರ್ಮಿಲ್ಯಾಬ್ ದತ್ತಾಂಶ ಸಂಗ್ರಹ 2023ರ ಜುಲೈಯಲ್ಲೇ ಮುಗಿದಿದೆ. ಜಪಾನಿನ ಜೆ–ಪಾರ್ಕ್‌ನಲ್ಲಿ ಬೇರೆಯದೇ ವಿಧಾನದ ಪ್ರಯೋಗ ಸಿದ್ಧವಾಗುತ್ತಿದೆ: ಮ್ಯೂಆನ್‌ಗಳನ್ನು ಮೊದಲು ಬಹುತೇಕ ನಿಲ್ಲಿಸಿ, ಮತ್ತೆ ವೇಗಕ್ಕೆ ತಂದು, ಒಂದು ಮೀಟರಿಗಿಂತ ಚಿಕ್ಕ ಅಡ್ಡಳತೆಯ ಕಕ್ಷೆಯಲ್ಲಿ ಸುತ್ತಿಸುವ ಯೋಜನೆ ಅದು. ಆದರೆ ಈಗ ಕೊರತೆಯಿರುವುದು ಇನ್ನೊಂದು ಅಳತೆಯದಲ್ಲ, ಪ್ರಬಲ ಬಲದ ಪಾಲನ್ನು ಪಯಾನ್ ಎಣಿಸದೆಯೂ ಜಾಲರಿ ಬಿಡಿಸದೆಯೂ ಹೇಳಬಲ್ಲ ಮೂರನೆಯ ಸಾಕ್ಷಿಯದು. ಅದಕ್ಕೆಂದೇ ಜಿನೀವಾದ ಸರ್ನ್‌ನಲ್ಲಿ ‘ಮ್ಯೂಆನ್–ಇ’ ಎಂಬ ಪ್ರಯೋಗದ ಪ್ರಸ್ತಾವವಿದೆ. 160 ಜಿಇವಿ ಶಕ್ತಿಯ ಮ್ಯೂಆನ್‌ಗಳನ್ನು ಹಗುರ ವಸ್ತುವೊಂದರ ಎಲೆಕ್ಟ್ರಾನ್‌ಗಳ ಮೇಲೆ ಹಾಯಿಸಿ, ಎರಡೂ ಕಣಗಳು ಯಾವ ಕೋನದಲ್ಲಿ ಚದುರುತ್ತವೆ ಎಂದು ನೋಡಿದರೆ, ನಡುವೆ ವಿನಿಮಯವಾಗುವ ಫೋಟಾನ್ ಎಷ್ಟರ ಮಟ್ಟಿಗೆ ಕ್ವಾರ್ಕ್‌ಗಳಾಗಿ ಮಾರ್ಪಡುತ್ತದೆಂಬುದು ಕೋನಗಳ ಹಂಚಿಕೆಯಲ್ಲೇ ದಾಖಲಾಗಿರುತ್ತದೆ. ಫಲಿತಾಂಶ 7,130ರ ಸುತ್ತ ಬಂದರೆ ನೊವೊಸಿಬಿರ್ಸ್ಕ್‌ನಿಂದ ಸ್ಟ್ಯಾನ್‌ಫರ್ಡ್‌ವರೆಗಿನ ಹಳೆಯ ಎಣಿಕೆಗಳನ್ನು ಮತ್ತೆ ಬಿಚ್ಚಿ ನೋಡಬೇಕಾಗುತ್ತದೆ. 6,930ರ ಸುತ್ತ ಬಂದರೆ ಜಾಲರಿಯವರು ತಮ್ಮ ತಪ್ಪು ಹುಡುಕಬೇಕಾಗುತ್ತದೆ, ಮತ್ತು 2021ರ ಬಿರುಕು ಈ ಸಲ 127 ಪಾಲಿನ ನಿಖರತೆಯ ಅಳತೆಯೊಂದಿಗೆ ಹಾಗೆಯೇ ಬಾಯ್ತೆರೆದು ನಿಲ್ಲುತ್ತದೆ. ನೂರು ಕೋಟಿಗೆ 127 ಪಾಲು ಎಂದರೆ ಆಗ ಅದನ್ನು ಅಳತೆಯ ದೋಷವೆಂದು ತಳ್ಳಿಹಾಕುವ ದಾರಿ ಯಾರಿಗೂ ಇರುವುದಿಲ್ಲ.